ಲಂಬಕೋನದ ಪ್ರಾಮಾಣ್ಯ: ಮಿಲ್ಲಿಂಗ್ ಯಂತ್ರದ ದೋಷಶೋಧನೆಯ ಚರಿತ್ರೆ

೧

ಯಂತ್ರಗಳ ಹುಟ್ಟಿನ ಕಥೆಯನ್ನು ಬರೆದವರು ಅನೇಕರಿದ್ದಾರೆ. ಅವುಗಳ ತಪ್ಪಿನ ಕಥೆಯನ್ನು ಬರೆದವರು ವಿರಳ. ಯಾವ ಯಂತ್ರವನ್ನು ಯಾರು ಯಾವ ವರ್ಷದಲ್ಲಿ ನಿರ್ಮಿಸಿದರು ಎಂಬುದನ್ನು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಆ ಯಂತ್ರ ತಪ್ಪಿದಾಗ ಅದು ತಪ್ಪಿತೆಂದು ಜನ ಹೇಗೆ ತಿಳಿದರು, ಯಾವ ಪ್ರಮಾಣದಿಂದ ತಿಳಿದರು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. ಈ ಎರಡನೆಯ ಪ್ರಶ್ನೆಯೇ ಪ್ರಕೃತ ಲೇಖನದ ವಿಷಯ.

ಇದು ನಮ್ಮ ಮನಸ್ಸಿಗೆ ಹೊಳೆದುದು ಒಂದು ತಾಂತ್ರಿಕ ಶಾಲೆಯ ಕಾರ್ಯಾಗಾರದಲ್ಲಿ. ವಿದ್ಯಾರ್ಥಿಯೊಬ್ಬ ಉಕ್ಕಿನ ತುಂಡೊಂದರ ನಾಲ್ಕು ಮೈಗಳನ್ನು ಮಿಲ್ಲಿಂಗ್ ಯಂತ್ರದಲ್ಲಿ ಕತ್ತರಿಸಿ, ಅದಕ್ಕೆ ಮೂಲೆಮಟ್ಟವನ್ನು ಹಿಡಿದು ನೋಡಿದ. ಮಟ್ಟದ ಅಲಗಿಗೂ ಉಕ್ಕಿನ ಮೈಗೂ ನಡುವೆ ಬೆಳಕಿನ ಎಳೆಯೊಂದು ಕಾಣಿಸಿತು. ತುಂಡು ಚೌಕವಾಗಿ ಬಂದಿರಲಿಲ್ಲ. ಯಂತ್ರ ಕೆಟ್ಟಿದೆಯೆಂದು ಆತ ತೀರ್ಮಾನಿಸಿದ. ಹತ್ತಿರದಲ್ಲಿದ್ದ ವಯಸ್ಸಾದ ಬೋಧಕರು, “ಯಂತ್ರವನ್ನು ಬಯ್ಯುವ ಮುಂಚೆ ಆ ಮಟ್ಟವನ್ನು ತಿರುಗಿಸಿ ನೋಡಪ್ಪ” ಎಂದರು. ಈ ಒಂದು ಮಾತಿನ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆಯೆಂಬುದು ನಮಗೆ ಆಮೇಲೆ ತಿಳಿಯಿತು.

ಯಂತ್ರದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಲೇತಿನಲ್ಲಿ ಕೆಲಸದ ವಸ್ತು ತಿರುಗುತ್ತದೆ, ಉಳಿ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಹಲವು ಹಲ್ಲುಗಳುಳ್ಳ ಕಟರ್ ಸ್ಪಿಂಡಲಿನ ತುದಿಯಲ್ಲಿ ತಿರುಗುತ್ತದೆ. ವಸ್ತು ಮೇಜಿನ ಮೇಲೆ ಬಿಗಿಯಾಗಿ ಕುಳಿತು, ಆ ಮೇಜಿನೊಡನೆ ಕಟರಿನ ಕೆಳಗೆ ಸರಿಯುತ್ತದೆ. ಆದ್ದರಿಂದ ಚೌಕವಾದ ತುಂಡು ದೊರೆಯಬೇಕಾದರೆ ಸ್ಪಿಂಡಲು ಮೇಜಿಗೆ ಲಂಬವಾಗಿರಬೇಕು, ಮೇಜು ನೇರವಾಗಿ ಸರಿಯಬೇಕು, ಅದರ ಉದ್ದದ ಚಲನೆ ಅಡ್ಡದ ಚಲನೆಗೆ ಲಂಬವಾಗಿರಬೇಕು, ವಸ್ತುವನ್ನು ಹಿಡಿದಿರುವ ವೈಸಿನ ದವಡೆ ಮೇಜಿಗೆ ಲಂಬವಾಗಿರಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ತಪ್ಪು ಉಕ್ಕಿನ ಮೇಲೆ ಅಚ್ಚಾಗುತ್ತದೆ.

ಈಗ ತೊಡಕು ಸ್ಪಷ್ಟವಾಗುತ್ತದೆ. ತುಂಡಿನ ತಪ್ಪನ್ನು ಮೂಲೆಮಟ್ಟದಿಂದ ತಿಳಿದೆವು. ಆ ಮೂಲೆಮಟ್ಟವನ್ನು ಮಾಡಿದುದೂ ಒಂದು ಯಂತ್ರವೇ. ಆ ಯಂತ್ರ ಸರಿಯಿತ್ತೆಂಬುದಕ್ಕೆ ಆಧಾರವೇನು? ಇನ್ನೊಂದು ಮಟ್ಟ. ಅದಕ್ಕೆ? ಮತ್ತೊಂದು ಯಂತ್ರ. ನಮ್ಮ ತಾರ್ಕಿಕರು ಇದನ್ನು ಅನವಸ್ಥಾದೋಷವೆಂದು ಕರೆದರು. ಜ್ಞಾನದ ಪ್ರಾಮಾಣ್ಯ ಅದರಲ್ಲಿಯೇ ಇದೆಯೆಂದು ಮೀಮಾಂಸಕರೂ, ಅನ್ಯಸಾಧನದಿಂದ ಸಿದ್ಧವಾಗುತ್ತದೆಂದು ನೈಯಾಯಿಕರೂ ವಾದಿಸಿದುದು ಸರ್ವವಿದಿತ. ಕಬ್ಬಿಣದ ಕೆಲಸಗಾರರು ಈ ವಾದವನ್ನು ಓದಿದವರಲ್ಲ. ಆದರೆ ಅದೇ ತೊಡಕು ಅವರ ಕೆಲಸದ ಮೇಜಿನ ಮೇಲೆ ಎದುರಾಯಿತು, ಅವರು ಅದಕ್ಕೆ ತಮ್ಮದೇ ಆದ ಪರಿಹಾರವನ್ನು ಕಂಡುಕೊಂಡರು. ಹೆಚ್ಚು ನಿಷ್ಕೃಷ್ಟವಾದ ಯಂತ್ರವೊಂದು ಮೊದಲೇ ಇದ್ದು ಅದರಿಂದ ಉಳಿದವು ಹುಟ್ಟಿದವೆಂಬ ಕಲ್ಪನೆ ತಪ್ಪು. ಸರಿಯಿಲ್ಲದ ವಸ್ತುಗಳನ್ನೇ ಪರಸ್ಪರ ಹೋಲಿಸಿ, ಅವುಗಳ ದೋಷವನ್ನು ಬಿಡಿಸಿಕೊಂಡು, ಕೈಯಿಂದ ತಿದ್ದುತ್ತ ಬಂದುದರಿಂದ ನಿಷ್ಕೃಷ್ಟತೆ ಹುಟ್ಟಿತು. ಇದೇ ಈ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವ ಅಂಶ.

೨

ಲಂಬಕೋನಕ್ಕೆ ಮುಂಚೆ ಸಮತಲ ಬೇಕು. ಓರೆಕೋರೆಯಾದ ಮೈಯ ಮೇಲೆ ಲಂಬವೆಂಬ ಮಾತಿಗೆ ಅರ್ಥವಿಲ್ಲ. ಆದ್ದರಿಂದ ಚರಿತ್ರೆ ಸಮತಲದಿಂದ ಆರಂಭವಾಗುತ್ತದೆ.

ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ ಹೆನ್ರಿ ಮಾಡ್ಸ್ಲೆ (೧೭೭೧–೧೮೩೧) ನಡೆಸುತ್ತಿದ್ದ ಕಾರ್ಯಾಗಾರ ಈ ವಿದ್ಯೆಯ ಗುರುಕುಲದಂತಿತ್ತು. ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್, ಜೇಮ್ಸ್ ನ್ಯಾಸ್ಮಿತ್, ಜೋಸೆಫ್ ವಿಟ್‌ವರ್ತ್ ಇವರೆಲ್ಲರೂ ಅಲ್ಲಿ ದುಡಿದು ಕಲಿತವರು. ಕೆಲಸಗಾರರು ತಮ್ಮ ಕೆಲಸವನ್ನು ಆಗಾಗ್ಗೆ ಪರೀಕ್ಷಿಸಿಕೊಳ್ಳಲೆಂದು ಮಾಡ್ಸ್ಲೆ ಅವರ ಮೇಜುಗಳ ಮೇಲೆ ಸಮತಲದ ಫಲಕಗಳನ್ನು ಇರಿಸಿದ್ದನೆಂದು ನ್ಯಾಸ್ಮಿತನ ಆತ್ಮಕಥೆಯಿಂದ ತಿಳಿದುಬರುತ್ತದೆ. ಕಾರ್ಯಾಗಾರದ ಅಂತಿಮ ತೀರ್ಪಿಗಾಗಿ ಆತ ಇರಿಸಿಕೊಂಡಿದ್ದ ಅಳತೆಯ ಸಾಧನಕ್ಕೆ ‘ಲಾರ್ಡ್ ಚಾನ್ಸಲರ್’ ಎಂಬ ಹೆಸರಿತ್ತು. ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಧಿಕಾರಿಯ ಹೆಸರನ್ನು ಒಂದು ಉಪಕರಣಕ್ಕೆ ಇಟ್ಟುದು ಕೇವಲ ವಿನೋದವಲ್ಲ. ಅಳತೆಯ ವಿವಾದವನ್ನು ಮೇಸ್ತ್ರಿಯ ಮಾತಿಗೆ ಬಿಡದೆ ಸಾಧನದ ಮುಂದೆ ತೀರಿಸಬೇಕೆಂಬ ಹೊಸ ಭಾವನೆ ಅದರಲ್ಲಿ ಕಾಣುತ್ತದೆ.

ಫಲಕವನ್ನು ಸಮತಲ ಮಾಡುವುದು ಹೇಗೆ? ಎರಡು ಫಲಕಗಳ ನಡುವೆ ಎಮೆರಿಯ ಪುಡಿಯನ್ನು ಹಾಕಿ ಒಂದರ ಮೇಲೊಂದನ್ನು ಉಜ್ಜುವುದು ಹಳೆಯ ಪದ್ಧತಿ. ವಿಟ್‌ವರ್ತ್ (೧೮೦೩–೧೮೮೭) ಇದರಲ್ಲಿ ದೋಷವನ್ನು ಕಂಡನು. ಪುಡಿ ಎಲ್ಲ ಕಡೆಯೂ ಸಮನಾಗಿ ಹರಡುವುದಿಲ್ಲ, ಅಂಚುಗಳು ಹೆಚ್ಚು ಸವೆಯುತ್ತವೆ. ಯಾವ ಭಾಗ ಎಷ್ಟು ಸವೆಯಬೇಕೆಂಬುದು ಕೆಲಸಗಾರನ ಹತೋಟಿಯಲ್ಲಿರುವುದಿಲ್ಲ. ೧೮೪೦ರಲ್ಲಿ ಗ್ಲಾಸ್ಗೋ ನಗರದಲ್ಲಿ ನೆರೆದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯಲ್ಲಿ ಓದಿದ ಪ್ರಬಂಧದಲ್ಲಿ ಆತ ಉಜ್ಜುವುದನ್ನು ಬಿಟ್ಟು ಹೆರೆಯುವ ಪದ್ಧತಿಯನ್ನು ಸಮರ್ಥಿಸಿದನು. ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಒಂದು ಫಲಕಕ್ಕೆ ತೆಳ್ಳಗೆ ಸವರಿ ಇನ್ನೊಂದರ ಮೇಲೆ ಇಟ್ಟರೆ, ಎತ್ತರವಾದ ಕಡೆಗಳಲ್ಲಿ ಮಾತ್ರ ಬಣ್ಣ ಹತ್ತುತ್ತದೆ. ಆ ಗುರುತುಗಳನ್ನಷ್ಟೇ ಹರಿತವಾದ ಉಳಿಯಿಂದ ಹೆರೆದು ತೆಗೆಯಬೇಕು. ಮತ್ತೆ ಬಣ್ಣ ಹಚ್ಚಿ ನೋಡಬೇಕು, ಮತ್ತೆ ಹೆರೆಯಬೇಕು.

ಆದರೆ ಎರಡು ಫಲಕಗಳು ಎಲ್ಲ ಕಡೆಯೂ ಒಂದಕ್ಕೊಂದು ಕೂಡಿದ ಮಾತ್ರಕ್ಕೆ ಅವು ಸಮತಲವೆಂದು ಹೇಳಲಾಗದು. ಒಂದು ಸ್ವಲ್ಪ ತಗ್ಗಾಗಿದ್ದು ಇನ್ನೊಂದು ಅಷ್ಟೇ ಉಬ್ಬಾಗಿದ್ದರೂ ಅವು ಚೆನ್ನಾಗಿ ಕೂಡುತ್ತವೆ. ಇಲ್ಲಿ ಮೂರನೆಯ ಫಲಕ ಬರುತ್ತದೆ. ಇವುಗಳನ್ನು ಕ, ಖ, ಗ ಎಂದು ಕರೆಯೋಣ. ಖ ಮತ್ತು ಗ ಎರಡನ್ನೂ ಬೇರೆ ಬೇರೆಯಾಗಿ ಕ ಫಲಕಕ್ಕೆ ಕೂಡುವಂತೆ ಹೆರೆದೆವೆನ್ನೋಣ. ಕ ತಗ್ಗಾಗಿದ್ದರೆ ಖ, ಗ ಎರಡೂ ಉಬ್ಬಾಗಿರುತ್ತವೆ. ಈಗ ಖ ಮತ್ತು ಗಗಳನ್ನು ಒಂದರ ಮೇಲೊಂದು ಇಟ್ಟರೆ ಅವು ನಡುವೆ ಮಾತ್ರ ತಗಲುತ್ತವೆ. ಅಡಗಿದ್ದ ದೋಷ ಇಮ್ಮಡಿಯಾಗಿ ಹೊರಬೀಳುತ್ತದೆ. ಅವುಗಳನ್ನು ಸಮನಾಗಿ ತಿದ್ದಿ, ಅವಕ್ಕೆ ತಕ್ಕಂತೆ ಕ ಫಲಕವನ್ನು ತಿದ್ದಿ, ಹೀಗೆಯೇ ಸುತ್ತು ಸುತ್ತಾಗಿ ಮುಂದುವರಿದರೆ ಕೊನೆಗೆ ಯಾವ ಎರಡನ್ನು ಜೋಡಿಸಿದರೂ ಕೂಡುವ ಸ್ಥಿತಿ ಬರುತ್ತದೆ. ಫಲಕಗಳು ತಿರುಚಿಕೊಂಡಿಲ್ಲವೆಂದು ತಿಳಿಯಲು ಅವುಗಳನ್ನು ಕಾಲುಸುತ್ತು ತಿರುಗಿಸಿಯೂ ಜೋಡಿಸಿ ನೋಡಬೇಕು. ಇಷ್ಟಾದ ಮೇಲೆ ಮೂರೂ ಸಮತಲವಾಗಿರಲೇಬೇಕು.

ಈ ಉಪಾಯದ ಪ್ರಥಮ ಕೀರ್ತಿ ವಿಟ್‌ವರ್ತನಿಗೆ ಸಲ್ಲಬೇಕೆ, ಮಾಡ್ಸ್ಲೆಯ ಕಾರ್ಯಾಗಾರಕ್ಕೆ ಸಲ್ಲಬೇಕೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಅದಂತಿರಲಿ. ಮುಖ್ಯವಾದುದೆಂದರೆ ಇಲ್ಲಿ ಹೊರಗಿನ ಪ್ರಮಾಣವೊಂದರ ಅವಶ್ಯಕತೆಯೇ ಬೀಳಲಿಲ್ಲ. ಅಪೂರ್ಣವಾದ ಮೂರು ಸಾಕ್ಷಿಗಳು ಒಂದನ್ನೊಂದು ಪ್ರಶ್ನಿಸಿ ಸತ್ಯವನ್ನು ಸ್ಥಾಪಿಸಿದವು. ಅನವಸ್ಥೆ ಅಲ್ಲಿಗೆ ನಿಂತಿತು. ಹೀಗೆ ದೊರೆತ ಸಮತಲದಿಂದಲೇ ಯಂತ್ರಗಳ ಜಾರುದಾರಿಗಳನ್ನು ತಿದ್ದಿ ನೇರಗೊಳಿಸಿದರು. ಯಂತ್ರ ತನ್ನ ದಾರಿಯ ಓರೆಯನ್ನು ತಾನು ಕತ್ತರಿಸುವ ವಸ್ತುವಿಗೆ ದಾಟಿಸುತ್ತದೆ. ಕೈಯ ಹೆರೆತ ಆ ಓರೆಯನ್ನು ಅಳಿಸುತ್ತದೆ. ಆದ್ದರಿಂದಲೇ ಹಳೆಯ ಯಂತ್ರದಿಂದ ಅದಕ್ಕಿಂತಲೂ ಸರಿಯಾದ ಹೊಸ ಯಂತ್ರ ಹುಟ್ಟುವುದು ಸಾಧ್ಯವಾಯಿತು.

ಮೂಲೆಮಟ್ಟದ ವಿಷಯದಲ್ಲಿಯೂ ಇಂಥದೇ ಉಪಾಯವಿದೆ. ಹಲಗೆಯೊಂದರ ನೇರವಾದ ಅಂಚಿಗೆ ಮಟ್ಟವನ್ನು ಒತ್ತಿ ಗೆರೆಯೊಂದನ್ನು ಎಳೆಯಬೇಕು. ಆಮೇಲೆ ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಮಟ್ಟ ಸರಿಯಿದ್ದರೆ ಗೆರೆಗಳು ಒಂದಾಗುತ್ತವೆ. ತಪ್ಪಿದ್ದರೆ ಅವು ಕವಲೊಡೆಯುತ್ತವೆ. ಕವಲಿನ ಅರ್ಧದಷ್ಟು ಮಟ್ಟದ ದೋಷ. ಬಡಗಿಗಳಿಗೆ ಬಹುಕಾಲದಿಂದ ತಿಳಿದಿರುವ ವಿದ್ಯೆಯಿದು. ಕಾರ್ಯಾಗಾರದ ಬೋಧಕರು ವಿದ್ಯಾರ್ಥಿಗೆ ಹೇಳಿದುದೂ ಇದನ್ನೇ.

೩

ಇನ್ನು ಮಿಲ್ಲಿಂಗ್ ಯಂತ್ರಕ್ಕೆ ಬರೋಣ. ಇದು ಬೆಳೆದುದು ಮುಖ್ಯವಾಗಿ ಅಮೆರಿಕದ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಮೊದಲಾದ ಪ್ರಾಂತಗಳ ಬಂದೂಕಿನ ಕಾರ್ಖಾನೆಗಳಲ್ಲಿ. ಬಂದೂಕಿನ ಭಾಗಗಳು ಒಂದಕ್ಕೊಂದು ಬದಲಾಯಿಸಿ ಜೋಡಿಸುವಷ್ಟು ಸಮನಾಗಿರಬೇಕೆಂದು ಸರ್ಕಾರ ಅಪೇಕ್ಷಿಸಿತು. ಸಿಮಿಯನ್ ನಾರ್ತ್ ಎಂಬಾತ ೧೮೧೩ರಲ್ಲಿ ೨೦,೦೦೦ ಪಿಸ್ತೂಲುಗಳಿಗಾಗಿ ಮಾಡಿಕೊಂಡ ಕರಾರಿನಲ್ಲಿ ಈ ನಿಬಂಧನೆ ಸ್ಪಷ್ಟವಾಗಿತ್ತು. ಅರದಿಂದ ಉಜ್ಜುವ ಕೆಲಸವನ್ನು ಕಡಮೆ ಮಾಡಲು ಹಲ್ಲಿನ ಕಟರುಗಳುಳ್ಳ ಯಂತ್ರಗಳು ಬಳಕೆಗೆ ಬಂದವು.

ಆದರೆ ಬಹುಕಾಲ ಪಠ್ಯಪುಸ್ತಕಗಳು ಹೇಳಿದ ಕಥೆಯೇ ಬೇರೆ. ಹತ್ತಿಯ ಬೀಜ ಬಿಡಿಸುವ ಯಂತ್ರಕ್ಕಾಗಿ ಹೆಸರಾದ ಈಲೈ ವಿಟ್ನಿ ೧೮೧೮ರ ಸುಮಾರಿನಲ್ಲಿ ಮಿಲ್ಲಿಂಗ್ ಯಂತ್ರವನ್ನು ಕಂಡುಹಿಡಿದನೆಂದೂ, ಬದಲಿಸಬಹುದಾದ ಭಾಗಗಳ ಪದ್ಧತಿಯೂ ಅವನದೇ ಎಂದೂ ಅವು ಸಾರಿದವು. ಜೋಸೆಫ್ ರೋ ೧೯೧೬ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಈ ಯಂತ್ರದ ಚಿತ್ರವೂ ಇತ್ತು. ಅನಂತರ ಬಂದ ಪುಸ್ತಕಗಳು ಒಂದನ್ನೊಂದು ಅನುಸರಿಸಿದವು. ಹತ್ತು ಗ್ರಂಥಗಳು ಒಂದೇ ಮಾತನ್ನು ಹೇಳಿದಾಗ ಓದುಗರಿಗೆ ಸಂದೇಹವೇಕೆ ಬಂದೀತು?

೧೯೬೦ರಲ್ಲಿ ರಾಬರ್ಟ್ ವುಡ್‌ಬರಿ ಈ ಕಥೆಯನ್ನು ಮೂಲ ದಾಖಲೆಗಳೊಡನೆ ಹೋಲಿಸಿ ಪ್ರಶ್ನಿಸಿದನು. ಎಡ್ವಿನ್ ಬ್ಯಾಟಿಸನ್ ೧೯೬೬ ಮತ್ತು ೧೯೭೩ರ ಲೇಖನಗಳಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ವಸ್ತುಗಳನ್ನೇ ಸಾಕ್ಷಿಗೆ ಕರೆದನು. ಉಳಿದಿರುವ ವಿಟ್ನಿಯ ಬಂದೂಕುಗಳನ್ನು ಬಿಚ್ಚಿ ನೋಡಿದಾಗ ಅವುಗಳ ಭಾಗಗಳು ಬದಲಾಯಿಸಿ ಜೋಡಿಸುವಂಥವಾಗಿರಲಿಲ್ಲ. ವಿಟ್ನಿಯದೆಂದು ಹೇಳುತ್ತಿದ್ದ ಯಂತ್ರ ೧೮೧೮ರದಲ್ಲ, ಅನಂತರದ್ದು ಎಂಬ ನಿರ್ಣಯ ಬಂದಿತು. ಹಿಂದಿನ ಪುಸ್ತಕಗಳು ಪರಸ್ಪರ ಒಪ್ಪಿದುದು ನಿಜ. ಆದರೆ ತಗ್ಗು ಫಲಕಕ್ಕೆ ಉಬ್ಬು ಫಲಕ ಒಪ್ಪಿದಂತೆ ಅವು ಒಪ್ಪಿದ್ದವು. ಮೂರನೆಯ ಫಲಕವಾಗಿ ಬಂದುದು ಬಂದೂಕು.

ಈ ಮೊದಲ ಕಾಲದ ಯಂತ್ರಗಳು ಚೌಕವಾಗಿ ಕತ್ತರಿಸುತ್ತಿದ್ದುವೆ? ಈ ಪ್ರಶ್ನೆಯನ್ನು ಆಗ ಯಾರೂ ಹಾಗೆ ಕೇಳುತ್ತಿರಲಿಲ್ಲ. ಭಾಗವನ್ನು ಅದಕ್ಕೆಂದೇ ಮಾಡಿದ ಹಿಡಿತದಲ್ಲಿ ಕೂರಿಸಿ, ತಕ್ಕ ಆಕಾರದ ಕಟರನ್ನು ಅದರ ಮೇಲೆ ಹಾಯಿಸುತ್ತಿದ್ದರು. ಕಟರು ಬಿಟ್ಟುದನ್ನು ಕೆಲಸಗಾರ ಅರದಿಂದ ಉಜ್ಜಿ, ಉಕ್ಕಿನ ಗೇಜಿಗೆ ಸರಿಹೊಂದಿಸುತ್ತಿದ್ದ. ಲಂಬಕೋನವಿದ್ದುದು ಯಂತ್ರದಲ್ಲಲ್ಲ, ಹಿಡಿತದಲ್ಲಿ, ಗೇಜಿನಲ್ಲಿ ಮತ್ತು ಅರ ಹಿಡಿದ ಕೈಯಲ್ಲಿ. ಯಂತ್ರದ ದೋಷವನ್ನು ಕೈ ಸದ್ದಿಲ್ಲದೆ ತುಂಬಿಕೊಡುತ್ತಿದ್ದುದರಿಂದ ಆ ದೋಷ ಲೆಕ್ಕಕ್ಕೇ ಬರಲಿಲ್ಲ. ಆ ಕೈಗಳಲ್ಲಿ ಬಹುತೇಕ ಎಲ್ಲವೂ ಹೆಸರಿಲ್ಲದವು.

೪

೧೮೫೫ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಹೊರಬಂದ ಲಿಂಕನ್ ಮಾದರಿಯ ಯಂತ್ರ ಬಂದೂಕಿನ ಕಾರ್ಖಾನೆಗಳಲ್ಲಿ ಬಹಳವಾಗಿ ಹರಡಿತು. ಅದು ಗಟ್ಟಿಮುಟ್ಟಾದ ಯಂತ್ರ. ತಿರುಗಿಸಿ ಹೊಂದಿಸುವ ಭಾಗಗಳು ಅದರಲ್ಲಿ ಕಡಮೆ. ಒಂದೇ ಕೆಲಸವನ್ನು ಸಾವಿರ ಸಲ ಮಾಡಲು ಅದು ತಕ್ಕುದಾಗಿತ್ತು. ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವನು ಪ್ರಾವಿಡೆನ್ಸ್ ನಗರದ ಜೋಸೆಫ್ ಬ್ರೌನ್. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಯ ಬಂದೂಕಿನ ಕಾರ್ಖಾನೆಯೊಂದರಲ್ಲಿ ತಿರುಚು ಡ್ರಿಲ್‌ಗಳ ಸುರುಳಿಗಾಲುವೆಗಳನ್ನು ಕೆಲಸಗಾರರು ಅರದಿಂದ ಉಜ್ಜಿ ಮಾಡುತ್ತಿದ್ದರು. ಇದನ್ನು ಕಂಡ ಫ್ರೆಡರಿಕ್ ಹೋವ್ ಒಂದು ಯಂತ್ರಕ್ಕಾಗಿ ಬ್ರೌನನನ್ನು ಕೇಳಿದ. ಬ್ರೌನ್ ರಚಿಸಿದ ‘ಸಾರ್ವತ್ರಿಕ’ ಮಿಲ್ಲಿಂಗ್ ಯಂತ್ರದ ಮೊದಲ ಪ್ರತಿ ೧೮೬೨ರಲ್ಲಿ ಮಾರಾಟವಾಯಿತು.

ಈ ಯಂತ್ರದಲ್ಲಿ ನೆಟ್ಟನೆಯ ಕಂಬವೊಂದಿದೆ. ಕಾರ್ಖಾನೆಗಳಲ್ಲಿ ‘ನೀ’ ಎಂದು ಕರೆಯುವ, ಮಡಿಸಿದ ಮಂಡಿಯಂಥ ಭಾಗ ಕಂಬಕ್ಕೆ ಆತುಕೊಂಡು ಮೇಲೆ ಕೆಳಗೆ ಸರಿಯುತ್ತದೆ. ಆ ಮಂಡಿಯ ಮೇಲೆ ಅಡ್ಡಕ್ಕೆ ಸರಿಯುವ ತಡಿ, ಅದರ ಮೇಲೆ ಉದ್ದಕ್ಕೆ ಸರಿಯುವ ಮೇಜು. ಸುರುಳಿಗಾಲುವೆ ಕೊರೆಯಲು ಮೇಜನ್ನು ಬೇಕಾದ ಕೋನಕ್ಕೆ ಓರೆಯಾಗಿಸಬಹುದು. ಒಂದೇ ಯಂತ್ರ ನೂರು ಬಗೆಯ ಕೆಲಸ ಮಾಡುವಂತಾಯಿತು. ಇದು ದೊಡ್ಡ ಲಾಭವೆಂಬುದರಲ್ಲಿ ಸಂಶಯವಿಲ್ಲ. ಆದರೆ ಓರೆಯಾಗಬಲ್ಲ ಮೇಜು ಸೊನ್ನೆಯ ಗುರುತಿಗೆ ಮರಳಿದಾಗ ನಿಜವಾಗಿ ಸೊನ್ನೆಗೆ ಮರಳಿದೆಯೆಂಬುದಕ್ಕೆ ಆಧಾರವೇನು? ಗೀಚಿದ ಗೆರೆಯ ದಪ್ಪವೇ ದೋಷದ ಅಳತೆಗಿಂತ ಹೆಚ್ಚು. ಯಂತ್ರಕ್ಕೆ ಒಂದು ಸ್ವಾತಂತ್ರ್ಯವನ್ನು ಕೊಟ್ಟಾಗಲೆಲ್ಲ ಕೆಲಸಗಾರನ ಮೇಲೆ ಒಂದು ಪರೀಕ್ಷೆಯ ಹೊಣೆ ಬೀಳುತ್ತದೆ.

ಇದೇ ನಿಯಮ ೧೯೩೮ರಲ್ಲಿ ಕನೆಕ್ಟಿಕಟ್ಟಿನ ಬ್ರಿಜ್‌ಪೋರ್ಟ್ ನಗರದಿಂದ ಬಂದ ಪ್ರಸಿದ್ಧ ನೆಟ್ಟನೆಯ ಮಿಲ್ಲಿಂಗ್ ಯಂತ್ರದಲ್ಲಿ ಇನ್ನೂ ಸ್ಪಷ್ಟವಾಗಿದೆ. ಸ್ವೀಡನ್ನಿನಿಂದ ವಲಸೆ ಬಂದ ರುಡಾಲ್ಫ್ ಬ್ಯಾನೊ ಅದರ ರಚನಕಾರ. ಸ್ಪಿಂಡಲನ್ನು ಹೊತ್ತ ತಲೆ ಎಡಬಲಕ್ಕೆ ವಾಲುತ್ತದೆ. ಆ ಬಗೆಯ ಯಂತ್ರಗಳಲ್ಲಿ ಅದು ಹಿಂದುಮುಂದಕ್ಕೂ ಬಾಗುತ್ತದೆ. ಸಣ್ಣ ಕಾರ್ಯಾಗಾರಗಳಲ್ಲಿ ಇದು ಜನಪ್ರಿಯವಾದುದು ಈ ಗುಣದಿಂದಲೇ. ಚೌಕವಾಗಿ ಕತ್ತರಿಸುತ್ತಿಲ್ಲವೆಂಬ ದೂರಿಗೆ ಅದು ಗುರಿಯಾಗುವುದೂ ಬಹುಮಟ್ಟಿಗೆ ಇದೇ ಗುಣದಿಂದ.

೫

ಹಾಗಾದರೆ ದೋಷ ಎಲ್ಲಿದೆಯೆಂದು ನಿಶ್ಚಯಿಸುವುದು ಹೇಗೆ? ಅನುಭವಿಗಳು ಅನುಸರಿಸುವ ಕ್ರಮವನ್ನು ಇಲ್ಲಿ ಸ್ಥೂಲವಾಗಿ ವಿವರಿಸುತ್ತೇವೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಮೇಲೆ ಹೇಳಿದ ಚರಿತ್ರೆ ಅಡಗಿದೆ.

ಮೊದಲು ಸಾಕ್ಷಿಯ ಪರೀಕ್ಷೆ. ಮೂಲೆಮಟ್ಟವನ್ನು ಮಗುಚಿ ಅದರ ಸತ್ಯವನ್ನು ತಿಳಿಯಬೇಕು. ಎರಡನೆಯದು ಹಿಡಿತ. ವೈಸಿನಲ್ಲಿ ಚಲಿಸದ ದವಡೆಯೇ ಆಧಾರ. ಚಲಿಸುವ ದವಡೆ ಬಿಗಿಯುವಾಗ ತುಸು ಮೇಲೆದ್ದು ತುಂಡನ್ನು ಓರೆಮಾಡಬಹುದು. ಆದ್ದರಿಂದ ಚಲಿಸುವ ದವಡೆಗೂ ತುಂಡಿಗೂ ನಡುವೆ ದುಂಡನೆಯ ಸರಳೊಂದನ್ನು ಅಡ್ಡಲಾಗಿ ಇಡುತ್ತಾರೆ. ಆಗ ಒತ್ತಡ ಒಂದೇ ಗೆರೆಯಲ್ಲಿ ಬಿದ್ದು, ಈಗಾಗಲೇ ಕತ್ತರಿಸಿದ ಮೈ ಸ್ಥಿರ ದವಡೆಗೆ ಪೂರ್ತಿಯಾಗಿ ಅಂಟಿ ಕೂರುತ್ತದೆ. ದವಡೆಯ ಕೆಳಗೆ ಸಿಕ್ಕ ಕಬ್ಬಿಣದ ಸಣ್ಣ ಚೂರು, ಅಂಚಿನಲ್ಲಿ ಉಳಿದ ಮುಳ್ಳು, ಇವು ಎಷ್ಟೋ ಸಲ ಒಳ್ಳೆಯ ಯಂತ್ರಕ್ಕೆ ಅಪಕೀರ್ತಿ ತಂದಿವೆ.

ಮೂರನೆಯದು ಸ್ಪಿಂಡಲಿಗೂ ಮೇಜಿಗೂ ಇರುವ ಸಂಬಂಧ. ಸ್ಪಿಂಡಲಿಗೆ ಒಂದು ತೋಳನ್ನು ಹಚ್ಚಿ, ಅದರ ತುದಿಯಲ್ಲಿ ಡಯಲ್ ಗೇಜನ್ನು ಕಟ್ಟಿ, ಅದರ ಮೊನೆ ಮೇಜಿಗೆ ತಗಲುವಂತೆ ಮಾಡಿ, ಸ್ಪಿಂಡಲನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಎಡ, ಬಲ, ಹಿಂದೆ, ಮುಂದೆ ಈ ನಾಲ್ಕು ಕಡೆ ಮುಳ್ಳು ಒಂದೇ ಅಂಕಿಯನ್ನು ತೋರಿಸಿದರೆ ಸ್ಪಿಂಡಲು ಮೇಜಿಗೆ ಲಂಬ. ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ತಲೆ ಪಕ್ಕಕ್ಕೆ ವಾಲಿದೆ. ಹಿಂದುಮುಂದಿನಲ್ಲಿ ವ್ಯತ್ಯಾಸವಿದ್ದರೆ ತಲೆ ಬಾಗಿದೆ, ಇಲ್ಲವೆ ಮೇಜಿನ ಮುಂಚು ಇಳಿದಿದೆ. ಈ ಪರೀಕ್ಷೆಯ ಸೊಗಸನ್ನು ಗಮನಿಸಬೇಕು: ಇಲ್ಲಿ ಮೂಲೆಮಟ್ಟವೇ ಇಲ್ಲ. ಒಂದೇ ಗೇಜು ಎಲ್ಲ ಕಡೆಯನ್ನೂ ಮುಟ್ಟುವುದರಿಂದ ಅದರ ಎತ್ತರದ ಅಳತೆ ಸರಿಯೋ ತಪ್ಪೋ ಎಂಬ ಪ್ರಶ್ನೆ ಏಳುವುದಿಲ್ಲ. ತಿರುಗುವಿಕೆಯೇ ತನ್ನ ಅಕ್ಷವನ್ನು ಸೂಚಿಸುತ್ತದೆ. ಮಗುಚಿ ನೋಡುವ ಬಡಗಿಯ ಉಪಾಯವೇ ಇಲ್ಲಿ ಸುತ್ತಿನ ರೂಪವನ್ನು ತಾಳಿದೆ.

ನಾಲ್ಕನೆಯದು ದಾರಿಗಳ ಸವೆತ. ಮೇಜು ನಡುವೆ ಇದ್ದಾಗ ಎಲ್ಲವೂ ಸರಿಯಿದ್ದು, ಕೊನೆಗೆ ಸರಿದಾಗ ತಪ್ಪಿದರೆ ಸವೆತವನ್ನು ಶಂಕಿಸಬೇಕು. ಕೆಲಸವೆಲ್ಲ ಬಹುವಾಗಿ ಮೇಜಿನ ನಡುಭಾಗದಲ್ಲಿಯೇ ನಡೆಯುವುದರಿಂದ ಜಾರುದಾರಿಗಳು ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ನಿಂತ ಯಂತ್ರದ ಎಲ್ಲ ಪರೀಕ್ಷೆಗಳೂ ಸರಿಬಂದು ಕತ್ತರಿಸಿದ ತುಂಡು ಮಾತ್ರ ತಪ್ಪಿದ್ದರೆ, ದೋಷ ಕತ್ತರಿಸುವ ಬಲದಲ್ಲಿದೆ: ಮೊಂಡಾದ ಕಟರು ಬಾಗುತ್ತದೆ, ಸಡಿಲವಾದ ಮೇಜು ಹೊಯ್ದಾಡುತ್ತದೆ. ಕತ್ತರಿಸಿದ ಮೈಯೂ ಸಾಕ್ಷಿ ನುಡಿಯುತ್ತದೆ. ಅಗಲವಾದ ಕಟರು ಸರಿಯುವ ದಿಕ್ಕಿನಲ್ಲಿ ವಾಲಿದ್ದರೆ ಮೈ ನಡುವೆ ತುಸು ತಗ್ಗಾಗುತ್ತದೆ; ಅಡ್ಡಕ್ಕೆ ವಾಲಿದ್ದರೆ ಮೈ ಇಳಿಜಾರಾಗಿ, ಪಕ್ಕಪಕ್ಕದ ಪಟ್ಟಿಗಳ ನಡುವೆ ಮೆಟ್ಟಿಲು ಮೂಡುತ್ತದೆ.

ಈ ಜ್ಞಾನವೆಲ್ಲ ಬಹುಕಾಲ ಮೇಸ್ತ್ರಿಗಳ ಕೈಯಲ್ಲಿತ್ತು. ಅದನ್ನು ಕ್ರಮಬದ್ಧವಾಗಿ ಕಾಗದಕ್ಕೆ ಇಳಿಸಿದವರಲ್ಲಿ ಪ್ರಮುಖನು ಜರ್ಮನಿಯ ಜಾರ್ಜ್ ಶ್ಲೆಸಿಂಗರ್ (೧೮೭೪–೧೯೪೯). ಬರ್ಲಿನ್ನಿನ ಕಾರ್ಖಾನೆಯೊಂದರಲ್ಲಿ ಅನುಭವ ಪಡೆದು, ೧೯೦೪ರಲ್ಲಿ ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಯಂತ್ರೋಪಕರಣಗಳ ಪ್ರಾಧ್ಯಾಪಕನಾದ ಈತ ೧೯೨೭ರಲ್ಲಿ ಯಂತ್ರೋಪಕರಣಗಳ ಪರೀಕ್ಷಾಪುಸ್ತಕವನ್ನು ಪ್ರಕಟಿಸಿದನು. ಯಾವ ಯಂತ್ರಕ್ಕೆ ಯಾವ ಪರೀಕ್ಷೆ, ಗೇಜನ್ನು ಎಲ್ಲಿ ಇಡಬೇಕು, ಎಷ್ಟು ದೋಷ ಕ್ಷಮ್ಯ ಎಂಬುದನ್ನು ಚಿತ್ರಸಹಿತವಾಗಿ ಪಟ್ಟಿಮಾಡಿದ ಗ್ರಂಥವದು. ೩೦೦ ಮಿಲಿಮೀಟರ್ ಉದ್ದಕ್ಕೆ ೦.೦೨ ಮಿಲಿಮೀಟರ್ ಎಂಬಂಥ ಮಿತಿಗಳು ಈ ಪರಂಪರೆಗೆ ಸೇರಿದವು. ಕೋನದ ಲೆಕ್ಕದಲ್ಲಿ ಇದು ಸುಮಾರು ೧೪ ಸೆಕೆಂಡುಗಳು, ಅಂದರೆ ಒಂದು ಡಿಗ್ರಿಯ ಇನ್ನೂರೈವತ್ತರಲ್ಲಿ ಒಂದು ಪಾಲು.

ಆತನ ಪದ್ಧತಿಯಲ್ಲಿ ನಮಗೆ ವಿಶೇಷವಾಗಿ ತೋರುವುದು ದೋಷದ ದಿಕ್ಕಿನ ವಿಚಾರ. ಯಾವ ಯಂತ್ರವೂ ಪೂರ್ಣವಲ್ಲ. ಆದರೆ ದೋಷ ಯಾವ ಕಡೆಗೆ ಇರಬೇಕೆಂಬುದನ್ನು ಗೊತ್ತುಮಾಡಬಹುದು. ಲೇತಿನಲ್ಲಿ ಕತ್ತರಿಸಿದ ಮುಖ ತುಸು ತಗ್ಗಾಗಿರಬಹುದು, ಉಬ್ಬಾಗಿರಕೂಡದು. ಮಂಡಿಯಿರುವ ಮಿಲ್ಲಿಂಗ್ ಯಂತ್ರದಲ್ಲಿಯೂ ಇದೇ ತರ್ಕ: ಮೇಜಿನ ಮುಂಚು ಕೂದಲೆಳೆಯಷ್ಟು ಏರಿರುವುದು ಕ್ಷಮ್ಯ, ಇಳಿದಿರುವುದು ಕ್ಷಮ್ಯವಲ್ಲ. ಭಾರವೂ ಸವೆತವೂ ಅದನ್ನು ಕಾಲಕ್ರಮದಲ್ಲಿ ಕೆಳಕ್ಕೆ ಎಳೆಯುತ್ತವೆ. ಏರಿದ್ದುದು ಸಮಕ್ಕೆ ಬರುತ್ತದೆ, ಇಳಿದಿದ್ದುದು ಇನ್ನೂ ಇಳಿಯುತ್ತದೆ. ಯಂತ್ರಕ್ಕೆ ಮುಪ್ಪು ಬರುತ್ತದೆಂಬುದನ್ನು ಅದು ಹುಟ್ಟುವಾಗಲೇ ಲೆಕ್ಕಕ್ಕೆ ತೆಗೆದುಕೊಂಡ ದೃಷ್ಟಿಯಿದು.

ಶ್ಲೆಸಿಂಗರನ ಬಾಳಿನ ಉತ್ತರಾರ್ಧ ದುಃಖಕರವಾದುದು. ಯೆಹೂದ್ಯನಾಗಿದ್ದ ಆತನನ್ನು ೧೯೩೩ರಲ್ಲಿ ನಾಟ್ಸಿಗಳು ಸೆರೆಯಲ್ಲಿಟ್ಟರು. ಆತ ತನ್ನ ಪೀಠವನ್ನು ಕಳೆದುಕೊಂಡನು. ಮರುವರ್ಷ ದೇಶವನ್ನು ಬಿಟ್ಟು ಜ್ಯೂರಿಕ್, ಬ್ರಸೆಲ್ಸ್ ನಗರಗಳನ್ನು ಸುತ್ತಿ ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿ, ಅಲ್ಲಿಯೇ ೧೯೪೯ರಲ್ಲಿ ತೀರಿಕೊಂಡನು. ಆತನ ಪಟ್ಟಿಗಳು ಮಾತ್ರ ದೇಶದೇಶಗಳ ಕಾರ್ಖಾನೆಗಳಲ್ಲಿ ಬಳಕೆಯಲ್ಲಿ ಉಳಿದವು. ಯಂತ್ರವನ್ನು ಕೊಳ್ಳುವವನೂ ಮಾರುವವನೂ ಒಂದೇ ಪಟ್ಟಿಯ ಮುಂದೆ ನಿಲ್ಲುವಂತಾದುದು ಸಣ್ಣ ಸಂಗತಿಯಲ್ಲ. ‘ಲಾರ್ಡ್ ಚಾನ್ಸಲರ್’ ಒಂದು ಕಾರ್ಯಾಗಾರದ ನ್ಯಾಯಾಧೀಶ. ಪರೀಕ್ಷಾಪಟ್ಟಿ ಇಡೀ ಉದ್ಯಮದ ಕಾನೂನು.

೬

ಈ ಚರಿತ್ರೆ ನಮ್ಮ ನಾಡಿಗೂ ಬಂದು ತಲುಪುತ್ತದೆ. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಲೇತುಗಳ ನಿರ್ಮಾಣಕ್ಕಾಗಿ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಹಿಂದೂಸ್ತಾನ್ ಮಷೀನ್ ಟೂಲ್ಸ್ ಆರಂಭವಾಯಿತು. ಮೊದಲು ಲೇತುಗಳನ್ನು, ಅನಂತರ ಮಿಲ್ಲಿಂಗ್ ಯಂತ್ರಗಳನ್ನು ಅದು ತಯಾರಿಸಿತು. ೧೯೬೨ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೂ ಪರೀಕ್ಷೆಗೂ ಮೀಸಲಾದ ಕೇಂದ್ರ ಸಂಸ್ಥೆಯೊಂದು ಚೆಕೊಸ್ಲೊವಾಕಿಯದ ನೆರವಿನಿಂದ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನೆಲೆಗೊಂಡಿತು. ಔದ್ಯೋಗೀಕರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬಂಡವಾಳ, ಕರಾರು, ಉತ್ಪಾದನೆಯ ಅಂಕಿಗಳನ್ನು ಎಣಿಸುತ್ತಾರೆ. ಯಂತ್ರವನ್ನು ತಯಾರಿಸುವ ಶಕ್ತಿ ಬಂದುದು ಯಾವಾಗ ಎಂದು ಕೇಳುತ್ತೇವೆ. ಅದು ಸರಿಯಿದೆಯೇ ಎಂದು ನಾವೇ ನಿರ್ಣಯಿಸುವ ಶಕ್ತಿ ಬಂದುದು ಯಾವಾಗ ಎಂದು ಕೇಳುವುದಿಲ್ಲ. ಎರಡನೆಯ ಶಕ್ತಿಯಿಲ್ಲದೆ ಮೊದಲನೆಯದು ಎರವಲಾಗಿಯೇ ಉಳಿಯುತ್ತದೆ.

ಆ ಶಕ್ತಿ ಇದ್ದುದು ಹೆರೆಯುವ ಉಳಿಯನ್ನು ಹಿಡಿದು, ಬಣ್ಣದ ಗುರುತುಗಳನ್ನು ಓದಿ, ಜಾರುದಾರಿಗಳನ್ನು ತಿದ್ದಿದ ಕೆಲಸಗಾರರಲ್ಲಿ. ಅವರ ವಿದ್ಯೆ ಬರಹಕ್ಕೆ ಸುಲಭವಾಗಿ ಸಿಕ್ಕುವಂಥದಲ್ಲ, ಅವರೊಡನೆಯೇ ಮರೆಯಾಗಬಹುದಾದುದು. ನಮ್ಮ ಜಿಲ್ಲೆಗಳ ಶಾಸನಗಳನ್ನು ಪ್ರತಿಮಾಡಿಕೊಂಡಷ್ಟೇ ಶ್ರದ್ಧೆಯಿಂದ ಈ ಹಿರಿಯರ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಇತಿಹಾಸದ ವಿದ್ಯಾರ್ಥಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಕೊನೆಯಲ್ಲಿ ಆ ಕಾರ್ಯಾಗಾರಕ್ಕೆ ಮರಳೋಣ. ವಿದ್ಯಾರ್ಥಿ ಮಟ್ಟವನ್ನು ಮಗುಚಿ ನೋಡಿದ, ಮಟ್ಟ ಸರಿಯಾಗಿತ್ತು. ವೈಸನ್ನು ಬಿಚ್ಚಿ ಒರೆಸಿದ, ಅಲ್ಲಿಯೂ ದೋಷವಿರಲಿಲ್ಲ. ಡಯಲ್ ಗೇಜನ್ನು ಸುತ್ತಿಸಿದಾಗ ತಲೆ ಪಕ್ಕಕ್ಕೆ ವಾಲಿರುವುದು ತಿಳಿಯಿತು. ಆತ ಮೊದಲು ಹೇಳಿದಂತೆ ತಪ್ಪು ಯಂತ್ರದಲ್ಲಿಯೇ ಇತ್ತು. ಆದರೆ ಮೊದಲು ಅದು ಊಹೆಯಾಗಿತ್ತು, ಈಗ ಜ್ಞಾನವಾಯಿತು. ಚರಿತ್ರೆಯ ಕೆಲಸದಲ್ಲಿಯೂ ನಮ್ಮ ಅನೇಕ ತೀರ್ಮಾನಗಳು ಸರಿಯಾಗಿಯೇ ಇರಬಹುದು; ಆದರೆ ಮಟ್ಟವನ್ನು ಮಗುಚಿ ನೋಡುವವರೆಗೆ ಅವು ಸರಿಯೆಂದು ಹೇಳುವ ಅಧಿಕಾರ ನಮಗಿಲ್ಲ.